ಯಾರೋ, ಯಾರಾದರೂ, ಯಾರೂ: ಇಂಗ್ಲಿಷಿನಲ್ಲಿ ಇವರ ನೆಂಟರು

ಗೆಳೆಯರೇ, ವ್ಯಾಕರಣ ಅಂದ ಕೂಡಲೇ ಪುಟ ಮಗುಚಬೇಡಿ. 'ಬಟ್' ಅನ್ನುವ ಒಂದು ಚಿಕ್ಕ ಮಾತು ನನ್ನ ಗೆಳೆಯನ ಅನ್ನ ಕಳೆಯುವುದರಲ್ಲಿತ್ತು. ಮೊದಲು ಅದನ್ನು ಹೇಳಿ, ಆಮೇಲೆ ವಿಷಯಕ್ಕೆ ಬರುತ್ತೇನೆ.

ನಮ್ಮ ಕಾಲೇಜು ಮುಗಿಸಿ ಮುಂದಿನ ಓದಿಗೆ ನಾಗಪುರಕ್ಕೆ ಹೋದಾಗ ನಾನು ಮತ್ತು ಬೀದರ ಕಡೆಯ ಒಬ್ಬ ಗೆಳೆಯ ಸೇರಿ ಪ್ರತಾಪ ನಗರದಲ್ಲಿ ಒಂದು ಕೋಣೆ ಹಿಡಿದೆವು. ಕೋಣೆಯೊಳಗೆ ಕನ್ನಡ, ಬೀದಿಯಲ್ಲಿ ಮರಾಠಿ, ಬಸ್ಸಿನಲ್ಲಿ ಹಿಂದಿ, ಕ್ಲಾಸಿನಲ್ಲಿ ಇಂಗ್ಲಿಷ್. ಗೆಳೆಯನಿಗೆ ಸಂಜೆ ಹೊತ್ತು ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಗುವ ಹಾಗಿತ್ತು. ಸಿಕ್ಕರೆ ಪರೀಕ್ಷೆ ಫೀಸು ಕಟ್ಟಬಹುದು, ಇಲ್ಲದಿದ್ದರೆ ಊರಿಗೆ ವಾಪಸು. ಅಂಗಡಿಯವರು ಇಂಗ್ಲಿಷಿನಲ್ಲಿ ಒಂದು ಪರಿಚಯ ಪತ್ರ ಕೇಳಿದರು. ಮನೆಯ ಮಾಲೀಕರು ನಿವೃತ್ತ ಮೇಷ್ಟ್ರು, ನಾವು ಕಾಕಾ ಅಂತ ಕರೆಯುತ್ತಿದ್ದೆವು. 'ನೀನು ಬರಿ, ನಾನು ಸಹಿ ಹಾಕ್ತೀನಿ' ಅಂದರು.

ಹುಡುಗ ಬಡವ ಇರಬಹುದು, ಮಾತು ಬಾರದವ ಇರಬಹುದು, ಏನೇ ಇರಲಿ, ಆದರೆ ಪ್ರಾಮಾಣಿಕ. ನನ್ನ ಮನಸ್ಸಿನಲ್ಲಿದ್ದದ್ದು ಇಷ್ಟು. ಏನೇ ಅಂದರೆ 'ಎನಿಥಿಂಗ್', ಆದರೆ ಅಂದರೆ 'ಬಟ್'. ಹೀಗೆ ಲೆಕ್ಕ ಹಾಕಿ ಬರೆದೆ: 'ಹಿ ಈಸ್ ಎನಿಥಿಂಗ್ ಬಟ್ ಆನೆಸ್ಟ್.' ಕಾಕಾ ಓದಿದರು, ಕನ್ನಡಕ ತೆಗೆದರು, 'ಮಿತ್ರ ಆಹೇಸ್ ಕೀ ವೈರೀ?' ಅಂದರು. ನೀನು ಸ್ನೇಹಿತನೋ ಶತ್ರುವೋ? ನಾನು ಬರೆದದ್ದರ ಅರ್ಥ, ಪ್ರಾಮಾಣಿಕನೊಂದು ಬಿಟ್ಟು ಇನ್ನೇನು ಬೇಕಾದರೂ ಅವನು ಆಗಿರಬಹುದು ಅಂತ!

ಅಂದಿನಿಂದ ಈ ಮಾತುಗಳ ಬೆನ್ನು ಹತ್ತಿದೆ. ನನಗೆ ತಿಳಿದದ್ದು ಇಷ್ಟೇ: ಇಂಥ ತಪ್ಪುಗಳು ಇಂಗ್ಲಿಷ್ ಬಾರದ್ದರಿಂದ ಆಗುವುದಲ್ಲ, ಒಳಗೆ ಕನ್ನಡ ಚೆನ್ನಾಗಿ ಬರುವುದರಿಂದ ಆಗುತ್ತವೆ.

ನೋಡಿ, ಕನ್ನಡದಲ್ಲಿ ಅನಿಶ್ಚಿತ ಸರ್ವನಾಮ ಮಾಡುವುದು ಬಲು ಸುಲಭ. ಪ್ರಶ್ನೆಯ ಪದ ತಗೊಳ್ಳಿ: ಯಾರು, ಏನು, ಎಲ್ಲಿ. ಅದಕ್ಕೊಂದು ಬಾಲ ಕಟ್ಟಿ. 'ಓ' ಕಟ್ಟಿದರೆ ಯಾರೋ. 'ಆದರೂ' ಕಟ್ಟಿದರೆ ಯಾರಾದರೂ. 'ಊ' ಕಟ್ಟಿ ಕ್ರಿಯಾಪದವನ್ನು ನಿಷೇಧ ಮಾಡಿದರೆ ಯಾರೂ ಇಲ್ಲ. ಇಂಗ್ಲಿಷಿನಲ್ಲಿ ಬಾಲವಿಲ್ಲ, ತಲೆಯಿದೆ. ಸಂ, ಎನಿ, ನೋ, ಎವ್ರಿ ಎಂಬ ನಾಲ್ಕು ತಲೆಗಳು 'ಬಡಿ', 'ಥಿಂಗ್', 'ವೇರ್' ಎಂಬ ಮೈಗಳಿಗೆ ಅಂಟಿಕೊಳ್ಳುತ್ತವೆ.

ಈಗ ವಿಭಕ್ತಿ ಸೇರಿಸೋಣ. ಯಾರಿಗೆ ಎಂಬುದಕ್ಕೆ ಬಾಲ ಕಟ್ಟಿದರೆ ಯಾರಿಗೋ, ಯಾರಿಗಾದರೂ, ಯಾರಿಗೂ. ಯಾರ ಜೊತೆಗೋ, ಯಾರ ಜೊತೆಗೂ. ಅಂದರೆ ವಿಭಕ್ತಿ ಮೊದಲು, ಬಾಲ ಕೊನೆಗೆ. ಮರಾಠಿಯೂ ಹೀಗೇ. 'ಯಾರಿಗಾದರೂ ಹೇಳು' ಅನ್ನುವುದಕ್ಕೆ 'ಕೋಣಾಲಾ ತರೀ ಸಾಂಗ್', 'ಯಾರಿಗೂ ಹೇಳಬೇಡ' ಅನ್ನುವುದಕ್ಕೆ 'ಕೋಣಾಲಾಹೀ ಸಾಂಗೂ ನಕೋ'. 'ಲಾ' ಎಂಬುದು ನಮ್ಮ 'ಗೆ', 'ಹೀ' ಎಂಬುದು ನಮ್ಮ 'ಊ'. ಎರಡು ಬೇರೆ ಕುಟುಂಬಗಳ ಭಾಷೆಗಳು, ಜೋಡಣೆ ಮಾತ್ರ ಒಂದೇ. ಅದಕ್ಕೇ ಪ್ರತಾಪ ನಗರದ ಬೀದಿಯ ಮರಾಠಿ ನಮ್ಮ ಬಾಯಿಗೆ ಬೇಗ ಹತ್ತಿತು. 1997ರಲ್ಲಿ ಮಾರ್ಟಿನ್ ಹ್ಯಾಸ್ಪೆಲ್‌ಮಾತ್ ಎಂಬ ಭಾಷಾವಿಜ್ಞಾನಿ ಅನಿಶ್ಚಿತ ಸರ್ವನಾಮಗಳ ಮೇಲೆಯೇ ಒಂದು ಪುಸ್ತಕ ಬರೆದರು. ಅದರಲ್ಲಿ ವಿವರವಾಗಿ ನೋಡಿದ 40 ಭಾಷೆಗಳಲ್ಲಿ ನಮ್ಮ ಕನ್ನಡವೂ ಒಂದು.

ಇಂಗ್ಲಿಷಿನಲ್ಲಿ 'ಗೆ', 'ಜೊತೆ', 'ಇಂದ' ಎಲ್ಲ ಸರ್ವನಾಮದ ಮುಂದೆ ಬೇರೆಯಾಗಿ ನಿಲ್ಲುತ್ತವೆ: ಟು ಸಂಬಡಿ, ವಿತ್ ಎನಿಬಡಿ, ಫ್ರಂ ನೋವೇರ್. ಇವೇ ಪ್ರಿಪೊಸಿಷನ್ನುಗಳು. ಇಲ್ಲಿ ಒಂದು ಹಳ್ಳವಿದೆ. 'ಎಲ್ಲಿಗೋ ಹೋದ' ಅನ್ನುವಾಗ ನಮ್ಮ 'ಗೆ' ಕೈ ಹಿಡಿದು ಎಳೆಯುತ್ತದೆ, 'ಟು ಸಂವೇರ್' ಅಂದುಬಿಡುತ್ತೇವೆ. ಸಂವೇರ್ ಕ್ರಿಯಾವಿಶೇಷಣ, 'ಹಿ ವೆಂಟ್ ಸಂವೇರ್' ಅಂದರೆ ಸಾಕು, 'ಟು' ಬೇಡ. ಆದರೆ 'ಎಲ್ಲಿಂದಲೋ' ಅನ್ನುವುದಕ್ಕೆ 'ಫ್ರಂ' ಬೇಕೇ ಬೇಕು.

ಇನ್ನೊಂದು ಹಳ್ಳ 'ಊ' ಬಾಲದ್ದು. 'ಯಾರೂ ಬರಲಿಲ್ಲ' ಎಂಬಲ್ಲಿ ಇಲ್ಲ ಅನ್ನುವುದು ಕ್ರಿಯಾಪದದಲ್ಲಿದೆ. ಅದನ್ನೇ ಸಾಲಾಗಿ ಇಟ್ಟು 'ಎನಿಬಡಿ ಡಿಡ್ ನಾಟ್ ಕಮ್' ಅನ್ನುತ್ತೇವೆ. ತಪ್ಪು. ಇಂಥ ವಾಕ್ಯದಲ್ಲಿ 'ನಾಟ್' ಮೊದಲು ಬಂದು ದಾರಿ ಮಾಡಿಕೊಟ್ಟರೆ ಮಾತ್ರ 'ಎನಿ' ಹಿಂದೆ ಬರುತ್ತದೆ. ವಾಕ್ಯದ ಬಾಯಲ್ಲೇ ಬರಬೇಕಾದರೆ 'ನೋಬಡಿ ಕೇಮ್'. 'ಯಾರ ಜೊತೆಗೂ ಮಾತಾಡಲಿಲ್ಲ' ಅನ್ನಲು 'ಹಿ ಡಿಡ್ ನಾಟ್ ಟಾಕ್ ಟು ಎನಿಬಡಿ' ಸರಿ, ಏಕೆಂದರೆ ಅಲ್ಲಿ 'ನಾಟ್' ಮುಂದಿದೆ.

ಸರಿ, ಇನ್ನು 'ಬೇರೆ'. ನಾವು 'ಬೇರೆ ಯಾರೋ' ಅನ್ನುತ್ತೇವೆ, ಬೇರೆ ಮುಂದೆ. ಇಂಗ್ಲಿಷಿನಲ್ಲಿ 'ಸಂಬಡಿ ಎಲ್ಸ್', ಬೇರೆ ಹಿಂದೆ. 'ಎಲ್ಸ್' ಹಳೆಯ ಇಂಗ್ಲಿಷಿನಲ್ಲಿ 'ಬೇರೆ' ಎಂಬ ಅರ್ಥದ ಒಂದು ಪದದ ಷಷ್ಠೀ ರೂಪ. ಈಗ ಅದು ಸರ್ವನಾಮಕ್ಕೆ ಎಷ್ಟು ಅಂಟಿಕೊಂಡಿದೆಯೆಂದರೆ 'ಬೇರೆ ಯಾರದೋ ಪುಸ್ತಕ' ಅನ್ನುವಾಗ ಷಷ್ಠಿಯ ಸಕಾರ ಎಲ್ಸ್‌ನ ತುದಿಗೇ ಬೀಳುತ್ತದೆ: 'ಸಂಬಡಿ ಎಲ್ಸಸ್ ಬುಕ್'. 19ನೇ ಶತಮಾನದಲ್ಲಿ 'ಸಂಬಡೀಸ್ ಎಲ್ಸ್' ಅಂತ ಬರೆಯುವವರೂ ಇದ್ದರು. ಆ ರೂಪ ಹಿಂದೆ ಬಿತ್ತು.

ಮುಂದೆ ನಿಲ್ಲುವ ಕ್ರಿಯಾವಿಶೇಷಣಗಳೂ ಇವೆ: ಆಲ್ಮೋಸ್ಟ್, ನಿಯರ್ಲಿ, ಹಾರ್ಡ್ಲಿ. 'ಹೆಚ್ಚುಕಡಿಮೆ' ಅನ್ನಬೇಕಾದರೆ ಒಂದು ತುದಿ ಬೇಕಲ್ಲವೆ? ಎಲ್ಲ ಅನ್ನುವುದು ಒಂದು ತುದಿ, ಏನೂ ಇಲ್ಲ ಅನ್ನುವುದು ಇನ್ನೊಂದು. ಅದಕ್ಕೇ 'ಆಲ್ಮೋಸ್ಟ್ ಎವ್ರಿಬಡಿ', 'ಆಲ್ಮೋಸ್ಟ್ ನೋಬಡಿ' ಸಲ್ಲುತ್ತವೆ; 'ಆಲ್ಮೋಸ್ಟ್ ಸಂಬಡಿ' ಕಿವಿಗೆ ಕಲ್ಲು ಸಿಕ್ಕ ಹಾಗೆ. ಹಾರ್ಡ್ಲಿಯ ಹೊಟ್ಟೆಯಲ್ಲೇ ಒಂದು 'ಇಲ್ಲ' ಅಡಗಿದೆ. ಆದ್ದರಿಂದ ಅದರ ಜೊತೆ 'ಎನಿ' ಬರಬೇಕು. 'ಹಾರ್ಡ್ಲಿ ಎನಿಬಡಿ ಕೇಮ್', ಬಂದವರು ಇಲ್ಲವೆನ್ನುವಷ್ಟು ಕಡಿಮೆ. 'ಹಾರ್ಡ್ಲಿ ನೋಬಡಿ' ಅಂದರೆ ಇಲ್ಲದ ಮೇಲೆ ಇನ್ನೊಂದು ಇಲ್ಲ.

ಈಗ ನನ್ನ ಪಾಪದ 'ಬಟ್'. ಸರ್ವನಾಮದ ಪಕ್ಕ ಹೀಗೆ ಕೂತಾಗ ಅದು 'ಆದರೆ' ಅಲ್ಲ, 'ಹೊರತು'. ಹಳೆಯ ಇಂಗ್ಲಿಷಿನಲ್ಲಿ ಆ ಪದದ ಮೂಲಾರ್ಥವೇ 'ಹೊರಗೆ'. ನಮ್ಮ 'ಹೊರತು' ಹುಟ್ಟಿದ್ದೂ 'ಹೊರ'ದಿಂದಲೇ! ಮರಾಠಿಯವರು 'ಸೋಡೂನ್' ಅನ್ನುತ್ತಾರೆ, ನಾವು 'ಬಿಟ್ಟು' ಅನ್ನುವ ಹಾಗೆ. ಮೂರರ ಕೆಲಸವೂ ಒಂದನ್ನು ಹೊರಗಿಡುವುದು. ವ್ಯತ್ಯಾಸ ಜಾಗದ್ದು. 'ನೀರು ಬಿಟ್ಟು ಏನೂ ಇಲ್ಲ' ಅನ್ನುವಾಗ ನಾವು ಹೊರಗಿಟ್ಟದ್ದನ್ನು ಮೊದಲು ಹೇಳುತ್ತೇವೆ. 'ನಥಿಂಗ್ ಬಟ್ ವಾಟರ್' ಅನ್ನುವಾಗ ಅದು ಕೊನೆಗೆ ಬರುತ್ತದೆ. ಇಷ್ಟು ಹಿಡಿದುಕೊಂಡರೆ ಉಳಿದದ್ದು ತಾನೇ ಬಿಚ್ಚಿಕೊಳ್ಳುತ್ತದೆ:

ನಥಿಂಗ್ ಬಟ್ — ಅದು ಬಿಟ್ಟು ಏನೂ ಇಲ್ಲ, ಅಂದರೆ ಅದೊಂದೇ.
ಎನಿಥಿಂಗ್ ಬಟ್ — ಅದು ಬಿಟ್ಟು ಏನು ಬೇಕಾದರೂ. ಅಂದರೆ ಅದಂತೂ ಅಲ್ಲ.
ಎವ್ರಿಬಡಿ ಬಟ್ — ಅವರನ್ನು ಬಿಟ್ಟು ಎಲ್ಲರೂ.

ಒಂದು ತಲೆ ಬದಲಾದರೆ ಮನುಷ್ಯನ ಮರ್ಯಾದೆಯೇ ಬದಲಾಗುತ್ತದೆ, ನೋಡಿದಿರಾ?

ಅಂದು ಕಾಕಾ ನನಗೆ ಇಷ್ಟೆಲ್ಲ ವ್ಯಾಕರಣ ಹೇಳಲಿಲ್ಲ. ನನ್ನ ಸಾಲಿಗೆ ಗೀಟು ಎಳೆದು, ಮೇಲೆ ಮೂರೇ ಪದ ಬರೆದರು: 'ಹಿ ಈಸ್ ಆನೆಸ್ಟ್.' ಸಹಿ ಹಾಕಿದರು. ಮಾರನೆಯ ಸಂಜೆಯಿಂದ ಗೆಳೆಯ ಕೆಲಸಕ್ಕೆ ಹೋದ. ಅವನ ಪರೀಕ್ಷೆ ಫೀಸೂ ಸಕಾಲಕ್ಕೆ ಕಟ್ಟಿತು. ನೀವೂ ಇನ್ನೊಬ್ಬರ ಪರವಾಗಿ ಇಂಗ್ಲಿಷಿನಲ್ಲಿ ಏನಾದರೂ ಬರೆಯುವ ದಿನ ಬರುತ್ತದೆ. ಆಗ 'ಬಟ್' ಕಂಡರೆ ಅಲ್ಲಿ ಒಮ್ಮೆ 'ಬಿಟ್ಟು' ಅಂತ ಇಟ್ಟು ಓದಿ ನೋಡಿ, ಆಮೇಲೆ ಸಹಿಗೆ ಕೊಡಿ.