ನೀಟ್, ಸಿಇಟಿ ಓದು: ಮಕ್ಕಳು ಸುಸ್ತಾದರೆ ಸೋಮಾರಿತನ ಅನ್ನಬೇಡಿ

ರಾತ್ರಿ ಹತ್ತಕ್ಕೆ ಗಲ್ಲಾದ ಲೆಕ್ಕ ಮೂರು ಸಲ ಕೂಡಿದರೂ ತಾಳೆ ಆಗದಿದ್ದರೆ ಏನು ಮಾಡ್ತೀರಿ? ‘ಬೆಳಿಗ್ಗೆ ನೋಡೋಣ’ ಅಂತ ಶಟರ್ ಎಳೀತೀರಿ. ಆದರೆ ನೀಟ್, ಸಿಇಟಿಗೆ ಓದುತ್ತಿರುವ ಮಗಳು ಅದೇ ಹೊತ್ತಿಗೆ ಪುಸ್ತಕ ಮುಚ್ಚಿದರೆ ‘ಇಷ್ಟು ಬೇಗ ಆಯ್ತಾ?’ ಅಂತ ಕೇಳ್ತೀವಿ. ದಣಿದ ತಲೆ ದೊಡ್ಡವರದ್ದಾದರೂ ಮಕ್ಕಳದ್ದಾದರೂ ಒಂದೇ.

ಭಯದಿಂದ ಅಂಕ ಹೋಗೋದು ಹೇಗೆ?

ಸ್ವಲ್ಪ ಭಯ ಒಳ್ಳೇದೇ, ಓದಲು ಕೂರಿಸುತ್ತದೆ. ಮಿತಿ ಮೀರಿದರೆ ಎದೆ ಹೊಡ್ಕೊಳ್ಳುತ್ತೆ, ಕೈ ಬೆವರುತ್ತೆ. ‘ಸೀಟು ಸಿಗದಿದ್ರೆ?’ ಅನ್ನೋದೇ ತಲೆಯಲ್ಲಿ ಓಡುತ್ತಿದ್ದರೆ ಗೊತ್ತಿದ್ದ ಉತ್ತರವೂ ಹೊಳೆಯಲ್ಲ.

2025ರ ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ ಇದ್ದವು. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಅಂದರೆ ಗೊತ್ತಿದ್ದ ಹತ್ತು ಪ್ರಶ್ನೆ ಗಾಬರಿಯಲ್ಲಿ ತಪ್ಪಾದರೆ 50 ಅಂಕ ಖೋತಾ. ಸಿಇಟಿಯಲ್ಲಿ ಮೈನಸ್ ಅಂಕ ಇಲ್ಲ. ಅಲ್ಲಿ ಹೆದರಿ ಖಾಲಿ ಬಿಡುವುದೇ ನಷ್ಟ.

ದಣಿವು ಗುರುತಿಸೋದು ಹೇಗೆ?

ಒಂದು ದಿನದ ಸುಸ್ತು ನಿದ್ದೆ ಮಾಡಿದರೆ ಹೋಗುತ್ತದೆ. ವಾರಗಟ್ಟಲೆ ಒಂದೇ ಪುಟ ತಿರುವುತ್ತಾ ಕೂರೋದು, ಸಣ್ಣದಕ್ಕೂ ರೇಗೋದು, ಊಟ ಬಿಡೋದು, ಪದೇ ಪದೇ ತಲೆನೋವು, ಗೆಳೆಯರ ಫೋನ್ ಎತ್ತದಿರೋದು, ಇವೆಲ್ಲ ಬರೀ ಸುಸ್ತಲ್ಲ. ಒಂದು ವರ್ಷ ಬಿಟ್ಟು ಮತ್ತೆ ನೀಟ್ ಬರೆಯುವವರಲ್ಲಿ ಇದನ್ನು ಇನ್ನೂ ಹುಷಾರಾಗಿ ಗಮನಿಸಿ. ಕ್ಲಾಸ್‌ಮೇಟ್‌ಗಳೆಲ್ಲ ಕಾಲೇಜು ಸೇರಿರುತ್ತಾರೆ, ಇವರು ಮನೆಯಲ್ಲೇ ಒಂಟಿ.

ವಿದ್ಯಾರ್ಥಿಗಳು ಏನು ಮಾಡಬಹುದು?

* ಏಳೆಂಟು ಗಂಟೆ ನಿದ್ದೆ ಬಿಡಬೇಡಿ. ಓದಿದ್ದು ನೆನಪಲ್ಲಿ ಗಟ್ಟಿಯಾಗೋದು ನಿದ್ದೆಯಲ್ಲೇ.
* ನೀಟ್ ನಡೆಯೋದು ಮಧ್ಯಾಹ್ನ 2ಕ್ಕೆ. ಮಾಕ್ ಟೆಸ್ಟನ್ನೂ ಅದೇ ಹೊತ್ತಿಗೆ, ಫೋನ್ ಬದಿಗಿಟ್ಟು ಬರೆಯಿರಿ. ಅಭ್ಯಾಸವಾದಷ್ಟೂ ಗಾಬರಿ ಕಮ್ಮಿ.
* ಪರೀಕ್ಷೆಗೆ ಮುಂಚೆ ಹತ್ತು ನಿಮಿಷ, ಮನಸ್ಸಲ್ಲಿರೋ ಭಯವನ್ನೆಲ್ಲ ಹಾಳೆ ಮೇಲೆ ಬರೆಯಿರಿ. ಇದರಿಂದ ಭಯಪಡುವ ವಿದ್ಯಾರ್ಥಿಗಳ ಅಂಕ ಸುಧಾರಿಸಿತು ಅಂತ 2011ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳುತ್ತದೆ.
* ಹಾಲ್‌ನಲ್ಲಿ ತಲೆ ಖಾಲಿ ಅನಿಸಿದರೆ ಪೆನ್ ಕೆಳಗಿಟ್ಟು ನಿಧಾನ ಉಸಿರು ಬಿಡಿ. ಐದಾರು ಸಲ ಸಾಕು. ಆಮೇಲೆ ಸುಲಭದ ಪ್ರಶ್ನೆಯಿಂದ ಶುರು ಮಾಡಿ.

ಮನೆಯವರು?

ಅಂಗಡಿಗೆ ಬಂದ ಗಿರಾಕಿ ಎದುರು ‘ನಮ್ಮವನು ಡಾಕ್ಟರ್ ಆಗ್ತಾನೆ’ ಅಂತ ಹೇಳೋದು ಪ್ರೀತಿಗೇ ಇರಬಹುದು, ಕೇಳಿಸಿಕೊಂಡ ಮಗನಿಗೆ ಅದು ಸಾಲದ ಚೀಟಿ ಇದ್ದಂಗೆ. ಕೋಚಿಂಗ್ ಫೀಸ್ ಎಷ್ಟು ಕಟ್ಟಿದ್ದೀವಿ ಅನ್ನೋದು ಅವರಿಗೆ ಗೊತ್ತಿರುತ್ತದೆ, ದಿನಾ ನೆನಪಿಸಬೇಡಿ. ‘ಟೆಸ್ಟಲ್ಲಿ ಎಷ್ಟು ಬಂತು?’ ಅನ್ನೋ ಮೊದಲು ‘ಊಟ ಆಯ್ತಾ?’ ಅಂತ ಕೇಳಿ. ಬಿಎಸ್ಸಿ, ನರ್ಸಿಂಗ್, ಕೃಷಿ, ಪಶುವೈದ್ಯಕೀಯ, ದಾರಿ ಬೇರೇನೂ ಇದೆ ಅಂತ ಫಲಿತಾಂಶಕ್ಕೆ ಮುಂಚೆಯೇ ಹೇಳಿ. ಆಮೇಲೆ ಹೇಳಿದರೆ ಅದು ಸಮಾಧಾನದ ಮಾತು ಅನಿಸುತ್ತದೆ.

ಸಹಾಯ ಎಲ್ಲಿ?

ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆ ಇದೆ. ಯಾವ ವಾರ ಅಂತ ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ.

‘ನಾನಿದ್ದು ಏನು ಪ್ರಯೋಜನ’ ಅನ್ನೋ ಮಾತು ಮಗುವಿನ ಬಾಯಲ್ಲಿ ಬಂದರೆ ಮಂಗಳವಾರಕ್ಕೆ ಕಾಯಬೇಡಿ. ಬೈಯಬೇಡಿ, ಒಂಟಿಯಾಗಿ ಬಿಡಬೇಡಿ. ಅವತ್ತೇ ಫೋನ್ ಮಾಡಿ. ಪರೀಕ್ಷೆ ಮುಂದಿನ ವರ್ಷವೂ ಬರುತ್ತದೆ.