ಮಗ್ಗಿಗೆ ಮುನ್ನ ಹುಣಿಸೆಬೀಜ

ಎಳೆಯರಿಗೆ ಲೆಕ್ಕವನ್ನು ಬಾಯಿಪಾಠ ಮಾಡಿಸುವುದು ಪುರಾತನ ಕ್ರಮ. ಕ್ರಿ.ಶ. 354ರಲ್ಲಿ ಉತ್ತರ ಆಫ್ರಿಕದಲ್ಲಿ ಜನಿಸಿದ ಸಂತ ಅಗಸ್ಟೀನರೂ ಬಾಲ್ಯದಲ್ಲಿ ಕೂಡುವ ಲೆಕ್ಕವನ್ನು ರಾಗವಾಗಿ ಒಪ್ಪಿಸಿದವರೇ. ಅದು ತಮಗೆ ಬಲು ಬೇಸರವಾಗಿತ್ತೆಂದು ತಮ್ಮ ಆತ್ಮನಿವೇದನೆಯ ಗ್ರಂಥದಲ್ಲಿ ಅವರು ಬರೆದಿದ್ದಾರೆ. ಆದರೆ ಇಚ್ಛಾಸ್ವಾತಂತ್ರ್ಯವನ್ನು ಕುರಿತ ಗ್ರಂಥದಲ್ಲಿ, 7ಕ್ಕೆ 3 ಕೂಡಿದರೆ 10 ಎಂಬುದು ಎಂದಿಗೂ ಅಳಿಯದ ಸತ್ಯವೆಂದು ಅದೇ ಸಂತರು ಎತ್ತಿ ತೋರಿದರು.

ಆದ್ದರಿಂದ ನಾವು ಬಾಯಿಪಾಠವನ್ನು ಕೈಬಿಡುವುದು ಬೇಡ. ಅದಕ್ಕೆ ಮುನ್ನ ಸಂಖ್ಯೆಯ ಸತ್ಯವನ್ನು ಮಗುವಿಗೆ ಕಾಣಿಸೋಣ. ಐದೈದು ಹುಣಿಸೆಬೀಜಗಳ ನಾಲ್ಕು ಸಾಲು ಜೋಡಿಸಿ, ಎಣಿಸಿ, ಇಪ್ಪತ್ತನ್ನು ತಾನೇ ಕಂಡುಕೊಂಡ ಮಗುವಿಗೆ ಐದರ ಮಗ್ಗಿ ಬರಿಯ ಶಬ್ದವಾಗಿ ಉಳಿಯದು. ಅಂಕಿಗಳನ್ನು ಬರೆಸುವುದು ಆಮೇಲೆ. ಸಂಜೆಯ ಪ್ರಾರ್ಥನೆ ಮುಗಿದ ಬಳಿಕ ತಂದೆತಾಯಂದಿರು ಹತ್ತು ನಿಮಿಷ ಮಕ್ಕಳೊಡನೆ ಕುಳಿತು ಎಣಿಸಿದರೆ, ಲೆಕ್ಕದ ಭಯವು ಮನೆಯೊಳಗೆ ಕಾಲಿಡಲಾರದು.