ಪ್ರತಿ ಹೆಸರಿಗೂ ವರ್ಷಕ್ಕೊಂದು ದಿನ

1897ರ ಬೇಸಿಗೆ. ಫ್ರಾನ್ಸಿನ ಲಿಸಿಯೂ ಪಟ್ಟಣದ ಕಾರ್ಮೆಲ್ ಮಠದಲ್ಲಿ ಇಪ್ಪತ್ತನಾಲ್ಕರ ಹರೆಯದ ಸನ್ಯಾಸಿನಿಯೊಬ್ಬರು ಕ್ಷಯರೋಗದಿಂದ ಹಾಸಿಗೆ ಹಿಡಿದಿದ್ದರು. ಅದೇ ಮಠದ ಸಿಸ್ಟರ್ ಒಬ್ಬರು ಮಾತಿನ ನಡುವೆ ಚಿಂತೆ ತೋಡಿಕೊಂಡರಂತೆ: ಈಕೆ ಇನ್ನೇನು ತೀರಿಹೋಗುತ್ತಾಳೆ, ಆಮೇಲೆ ಮಠದ ತಾಯಿ ಈಕೆಯ ಬಗ್ಗೆ ಬರೆಯುವುದಾದರೂ ಏನನ್ನು? ಹೇಳಿಕೊಳ್ಳುವಂಥದ್ದು ಏನೂ ಮಾಡಿಲ್ಲವಲ್ಲ!

ಆ ಚಿಂತೆ ಸುಮ್ಮನೆ ಹುಟ್ಟಿದ್ದಲ್ಲ. ಕಾರ್ಮೆಲ್ ಸಭೆಯಲ್ಲಿ ಸನ್ಯಾಸಿನಿಯೊಬ್ಬರು ತೀರಿಕೊಂಡರೆ ಅವರ ಬದುಕನ್ನು ಕುರಿತು ಒಂದು ಪತ್ರ ಬರೆದು ಉಳಿದೆಲ್ಲ ಮಠಗಳಿಗೆ ಕಳಿಸುವ ಪದ್ಧತಿ ಇತ್ತು. ಎಲ್ಲಿಯವರು, ಯಾವಾಗ ಮಠ ಸೇರಿದರು, ಯಾವ ಕೆಲಸ ಮಾಡಿದರು, ಕೊನೆಯ ದಿನಗಳು ಹೇಗಿದ್ದವು ಎಂದು ತಿಳಿಸಿ, ಅವರಿಗಾಗಿ ಪ್ರಾರ್ಥಿಸಿ ಎಂದು ಬೇಡುವ ಪತ್ರ ಅದು. ಆ ತರುಣಿ ಸೆಪ್ಟೆಂಬರ್ 30ರಂದು ತೀರಿಕೊಂಡರು. ಸರಿಯಾಗಿ ಒಂದು ವರ್ಷಕ್ಕೆ ಮಠವು ಮರಣಪತ್ರದ ಬದಲು, ಆಕೆಯೇ ಹಿರಿಯರ ಅಪ್ಪಣೆಯಂತೆ ಬರೆದಿಟ್ಟಿದ್ದ ನೆನಪುಗಳನ್ನು ಪುಸ್ತಕವಾಗಿಸಿ ಎರಡು ಸಾವಿರ ಪ್ರತಿ ಅಚ್ಚು ಹಾಕಿಸಿತು. ‘ಒಂದು ಆತ್ಮದ ಕಥೆ’ ಎಂಬ ಆ ಪುಸ್ತಕ ಮುಂದೆ ಹತ್ತಾರು ಭಾಷೆಗಳಿಗೆ ಹೋಯಿತು. ಬರೆಯಲು ಏನೂ ಇಲ್ಲ ಎನಿಸಿಕೊಂಡಿದ್ದ ಆ ಹೆಣ್ಣುಮಗಳು 1925ರಲ್ಲಿ ಸಂತ ತೆರೇಸಾ ಆದರು.

ಎಲ್ಲರ ಮರಣಪತ್ರವೂ ಹೀಗೆ ಲೋಕಪ್ರಸಿದ್ಧವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ‘ಏನೂ ಮಾಡದವರ’ ಬಗ್ಗೆಯೂ ಬರೆಯಲೇಬೇಕು ಎಂಬ ಕಟ್ಟಳೆಯಲ್ಲೇ ಈ ಸಂಪ್ರದಾಯದ ಹೆಚ್ಚುಗಾರಿಕೆ ಇದೆ.

ಸುರುಳಿ ಹೊತ್ತು ನಡೆದವರು

ಸಂಸಾರಸ್ಥರ ಮನೆಯಲ್ಲಿ ಹಿರಿಯರ ನೆನಪು ಹೇಗೋ ಉಳಿಯುತ್ತದೆ. ಮೊಮ್ಮಗನಿಗೆ ತಾತನ ಹೆಸರು, ಗೋಡೆಯ ಮೇಲೆ ಹಾರ ಹಾಕಿದ ಫೋಟೊ, ವರ್ಷಕ್ಕೊಮ್ಮೆ ತಿಥಿ. ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ತೊಟ್ಟವರಿಗೆ ಸ್ವಂತ ಮನೆಯಿಲ್ಲ, ಆಸ್ತಿಯಿಲ್ಲ, ಮಕ್ಕಳಿಲ್ಲ. ಅವರನ್ನು ನೆನೆಯುವ ಕೆಲಸವನ್ನು ಅವರು ಸೇರಿದ ಸಭೆಯೇ ಹೊತ್ತುಕೊಳ್ಳಬೇಕು. ಹಾಗಾಗಿ ಕ್ರೈಸ್ತ ಸನ್ಯಾಸ ಪರಂಪರೆಯಲ್ಲಿ ನೆನಪನ್ನು ಮನಸ್ಸಿನ ಪಾಡಿಗೆ ಬಿಡಲಿಲ್ಲ. ಅದಕ್ಕೊಂದು ವ್ಯವಸ್ಥೆ ಮಾಡಿದರು.

ಮಧ್ಯಯುಗದ ಯುರೋಪಿನಲ್ಲಿ ಮಠದ ಹಿರಿಯರು ತೀರಿಕೊಂಡರೆ ಒಬ್ಬ ಓಲೆಕಾರ ಚರ್ಮದ ಸುರುಳಿ ಹೊತ್ತು ಹೊರಡುತ್ತಿದ್ದ. ಮೊದಲಿಗೆ ತೀರಿಕೊಂಡವರ ಗುಣಕಥನ, ಅದರ ಕೆಳಗೆ ಖಾಲಿ ಜಾಗ. ದಾರಿಯಲ್ಲಿ ಸಿಕ್ಕ ಮಠಗಳಲ್ಲೆಲ್ಲ ಸುರುಳಿ ಬಿಚ್ಚಿ ಓದಬೇಕು. ಅಲ್ಲಿಯವರು ಪ್ರಾರ್ಥನೆಯ ಭರವಸೆ ಬರೆದು, ನಮ್ಮಲ್ಲಿ ತೀರಿಕೊಂಡ ಇಂಥವರನ್ನೂ ನೆನೆಯಿರಿ ಎಂದು ತಮ್ಮವರ ಹೆಸರು ಸೇರಿಸುತ್ತಿದ್ದರು. ಜಾಗ ಮುಗಿದರೆ ಇನ್ನೊಂದು ತುಂಡು ಹೊಲಿಯುವುದು. 1122ರಲ್ಲಿ ತೀರಿಕೊಂಡ ಸವಿನ್ಯಿ ಮಠದ ಸ್ಥಾಪಕ ವಿಟಾಲಿಸ್ ಅವರ ಸುರುಳಿ ಫ್ರಾನ್ಸ್, ಇಂಗ್ಲೆಂಡ್‌ಗಳನ್ನು ಸುತ್ತಿ ಇನ್ನೂರಕ್ಕೂ ಹೆಚ್ಚು ಬರಹಗಳನ್ನು ಹೊತ್ತು ಮರಳಿತು. ಒಂಬತ್ತು ಮೀಟರಿಗೂ ಉದ್ದವಿರುವ ಅದು ಪ್ಯಾರಿಸ್ಸಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಈಗಲೂ ಇದೆ.

ಕ್ಲೂನಿ ಮಠದಲ್ಲಿ ಈ ನೆನಪು ಅನ್ನದ ರೂಪ ತಾಳಿತು. ಒಬ್ಬ ಸನ್ಯಾಸಿ ತೀರಿಕೊಂಡರೆ ಅವರ ಪಾಲಿನ ಊಟವನ್ನು ಬಡವರಿಗೆ ಬಡಿಸಬೇಕು. ವರ್ಷಕ್ಕೊಮ್ಮೆ ಪುಣ್ಯಸ್ಮರಣೆಯ ದಿನವೂ ಅವರ ಹೆಸರಿನಲ್ಲಿ ಒಬ್ಬರಿಗೆ ಊಟ ಹಾಕಬೇಕು. ಶತಮಾನಗಳು ಕಳೆದಂತೆ ಸತ್ತವರ ಪಟ್ಟಿ ಬೆಳೆಯಿತು, ಉಗ್ರಾಣ ಬರಿದಾಗತೊಡಗಿತು. ಹನ್ನೆರಡನೇ ಶತಮಾನದಲ್ಲಿ ಮಠಾಧಿಪತಿಯಾಗಿದ್ದ ಪೀಟರ್, ಸತ್ತವರು ಬದುಕಿರುವವರನ್ನೇ ಹೊರದಬ್ಬುವಂತಾಗಬಾರದೆಂದು ದಿನಕ್ಕೆ ಐವತ್ತೇ ಊಟ ಎಂದು ಮಿತಿ ಹಾಕಬೇಕಾಯಿತು. ನವೆಂಬರ್ 2ರಂದು ಕಥೊಲಿಕರು ಸಕಲ ಮೃತರನ್ನು ನೆನೆಯುವ ಆಚರಣೆ ಹರಡಿದ್ದೂ ಇದೇ ಕ್ಲೂನಿಯಿಂದ, ಅಲ್ಲಿ ಮಠಾಧಿಪತಿಯಾಗಿದ್ದ ಓದಿಲೋ ಅವರ ಕಾಲದಲ್ಲಿ. ಕರಾವಳಿಯ ಇಗರ್ಜಿಗಳ ಸಮಾಧಿ ಸ್ಥಳಗಳಲ್ಲಿ ಇಂದಿಗೂ ಆ ದಿನ ಕಾಣುವ ಹೂವು, ಮೊಂಬತ್ತಿಗಳ ಹಿಂದೆ ಸಾವಿರ ವರ್ಷದ ಹಿಂದಿನ ಒಂದು ಮಠದ ಲೆಕ್ಕಪುಸ್ತಕವೂ ಇದೆ.

ಇದಕ್ಕೆ ತದ್ವಿರುದ್ಧ ದಾರಿ ಕಾರ್ತೂಸಿಯನ್ ಸಭೆಯ ಸನ್ಯಾಸಿಗಳದು. ಅವರ ಸಮಾಧಿಯ ಮೇಲೆ ಬರಿಯ ಮರದ ಶಿಲುಬೆ, ಹೆಸರೂ ಇಲ್ಲ. ಮೆಚ್ಚಿಗೆಗೆ ಅರ್ಹರಾಗಿ ಬಾಳಿದರು ಎಂಬ ಅರ್ಥದ ಎರಡು ಲ್ಯಾಟಿನ್ ಪದಗಳೇ ಆ ಸಭೆ ತನ್ನವರಿಗೆ ಕೊಡುವ ಅತಿ ದೊಡ್ಡ ಹೊಗಳಿಕೆ.

ಕನ್ನಡ ನಾಡಿಗೆ ಇದೆಲ್ಲ ತೀರಾ ಹೊಸದೇನಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೇ ಶತಮಾನದಿಂದಲೂ ಜೈನ ಮುನಿಗಳ, ಕಂತಿಯರ ಸಮಾಧಿಮರಣವನ್ನು ದಾಖಲಿಸುವ ನಿಸಿದಿ ಶಾಸನಗಳಿವೆ. ಯಾವ ಸಂಘ, ಯಾರ ಶಿಷ್ಯರು, ಹೇಗೆ ದೇಹ ಬಿಟ್ಟರು ಎಂಬಷ್ಟೇ ವಿವರ. ಮನೆ ಬಿಟ್ಟವರಿಗೆ ಗುರುಪರಂಪರೆಯೇ ವಂಶಾವಳಿ ಎಂಬುದನ್ನು ಆ ಕಲ್ಲುಗಳು ಎಂದೋ ಹೇಳಿವೆ.

ಊಟದ ಕೋಣೆಯಲ್ಲಿ ಕೇಳಿದ ಹೆಸರುಗಳು

ಕರ್ನಾಟಕದ ಓದುಗರಿಗೆ ಹೆಚ್ಚು ಪರಿಚಿತವಾದ ಸಭೆ ಜೆಸ್ವಿತರದು, ಅಂದರೆ ಯೇಸುಸಭೆ. ಜೆಸ್ವಿತರು ಮಠದ ಗೋಡೆಯೊಳಗೆ ಕೂರುವವರಲ್ಲ, ಕಳಿಸಿದಲ್ಲಿಗೆ ಹೊರಡುವವರು. ಆ ಸಭೆಯ ಮೊದಲಿಗರಲ್ಲಿ ಒಬ್ಬರಾದ ಫ್ರಾನ್ಸಿಸ್ ಜೇವಿಯರ್, ಯುರೋಪಿನ ಗೆಳೆಯರಿಂದ ಬಂದ ಪತ್ರಗಳಲ್ಲಿದ್ದ ಅವರ ಸಹಿಗಳನ್ನು ಕತ್ತರಿಸಿ, ತಮ್ಮ ವ್ರತಪತ್ರದ ಜೊತೆ ಎದೆಯ ಬಳಿ ಇಟ್ಟುಕೊಂಡು ತಿರುಗುತ್ತಿದ್ದರು. 1552ರ ಡಿಸೆಂಬರಿನಲ್ಲಿ ಚೀನಾದ ಅಂಚಿನ ಒಂದು ದ್ವೀಪದಲ್ಲಿ ಅವರು ಕಣ್ಣುಮುಚ್ಚಿದಾಗ ಹತ್ತಿರ ಸಭೆಯ ಬಂಧುಗಳು ಯಾರೂ ಇರಲಿಲ್ಲ.

ಹೀಗೆ ದಿಕ್ಕುದಿಕ್ಕಿಗೆ ಚದುರಿದವರನ್ನು ಒಟ್ಟಿಗೆ ಹಿಡಿದಿಟ್ಟದ್ದು ಪತ್ರಗಳು. ಮಿಷನ್ನುಗಳಿಂದ ರೋಮಿಗೆ ಹೋಗುತ್ತಿದ್ದ ವಾರ್ಷಿಕ ಪತ್ರಗಳಲ್ಲಿ ಆ ವರ್ಷ ತೀರಿಕೊಂಡವರ ವೃತ್ತಾಂತವೂ ಇರುತ್ತಿತ್ತು. ಅವನ್ನು ದಿನಾಂಕದ ಪ್ರಕಾರ ಜೋಡಿಸಿ ಸ್ಮರಣಗ್ರಂಥಗಳನ್ನು ಮಾಡಿದರು. ಪತ್ರಿಞಾನಿ ಎಂಬ ಇಟಲಿಯ ಜೆಸ್ವಿತರು ಸಂಗ್ರಹಿಸಿದ್ದು 1730ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ಎಲ್ಲರೂ ಮೌನವಾಗಿ ಉಣ್ಣುತ್ತಿರುವಾಗ ಒಬ್ಬರು ನಿಂತು, ಹಿಂದೆ ಅದೇ ದಿನಾಂಕದಂದು ತೀರಿಕೊಂಡವರ ಕಥೆ ಓದುವುದು ಜೆಸ್ವಿತ್ ಮನೆಗಳ ರೂಢಿಯಾಯಿತು. ನಿನ್ನೆ ಜಪಾನಿನಲ್ಲಿ ಹುತಾತ್ಮರಾದವರು, ಇವತ್ತು ಯಾವುದೋ ಊರಿನ ಕಾಲೇಜಿನ ಬಾಗಿಲು ಕಾಯ್ದವರು. ಬಾಗಿಲು ಕಾಯ್ದವರ ಮಾತು ಬರಿಯ ಉತ್ಪ್ರೇಕ್ಷೆಯಲ್ಲ: ಮಯೋರ್ಕಾ ದ್ವೀಪದ ಜೆಸ್ವಿತ್ ಕಾಲೇಜಿನಲ್ಲಿ ದಶಕಗಳ ಕಾಲ ದ್ವಾರಪಾಲಕರಾಗಿದ್ದು 1617ರಲ್ಲಿ ತೀರಿಕೊಂಡ ಬ್ರದರ್ ಅಲ್ಫೋನ್ಸಸ್ ರೊಡ್ರಿಗಸ್ 1888ರಲ್ಲಿ ಸಂತರೆನಿಸಿದರು.

1773ರಲ್ಲಿ ಪೋಪ್ ಹದಿನಾಲ್ಕನೇ ಕ್ಲೆಮೆಂಟ್ ಯೇಸುಸಭೆಯನ್ನೇ ರದ್ದು ಮಾಡಿದಾಗ ಈ ಸರಪಣಿ ಕಡಿಯಿತು. ಸಭೆಯೇ ಇಲ್ಲವೆಂದಮೇಲೆ ಅದರ ಸತ್ತವರನ್ನು ಲೆಕ್ಕ ಇಡುವವರು ಯಾರು? ಹದಿನೇಳನೇ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತ ಲಿಯೊನಾರ್ಡೊ ಚಿನ್ನಮಿಯಂಥವರು ಕಟ್ಟಿದ ಮೈಸೂರು ಮಿಷನ್ನಿನ ಕೊನೆಯ ಕೊಂಡಿಗಳು ಸವೆದದ್ದೂ ಆ ಕಾಲದಲ್ಲೇ. 1814ರಲ್ಲಿ ಸಭೆಗೆ ಮರುಜೀವ ಬಂತು. ಅಂದಿನಿಂದ 1970ರವರೆಗೆ ತೀರಿಕೊಂಡ ಸಾವಿರಾರು ಜೆಸ್ವಿತರ ಹೆಸರು, ದಿನ, ಊರುಗಳನ್ನು ರುಫೊ ಮೆಂಡಿಸಾಬಲ್ ಎಂಬವರು ಒಂದೇ ಪಟ್ಟಿಗೆ ತಂದರು. 1972ರಲ್ಲಿ ರೋಮಿನಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ವಿದ್ವಾಂಸರಿಗೂ ಅಡುಗೆಯವರಿಗೂ ಒಂದೊಂದೇ ಸಾಲು.

ಮಂಗಳೂರಿನ ಮೂವರು

1878ರ ಡಿಸೆಂಬರ್ 31ರಂದು ಜೆಸ್ವಿತರ ತಂಡವೊಂದು ಮಂಗಳೂರಿಗೆ ಬಂದಿಳಿಯಿತು. ಬಂದವರಲ್ಲಿ ಬಹುಪಾಲು ಜನ ಹುಟ್ಟೂರಿಗಿಂತ ಇಲ್ಲಿಯ ಮಣ್ಣಿಗೇ ಹೆಚ್ಚು ಸೇರಿದವರಾದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಅದೇ ವರ್ಷ ಕಂಕನಾಡಿಯಲ್ಲಿ ಜರ್ಮನಿಯ ಅಗಸ್ಟಸ್ ಮುಲ್ಲರ್ ಬಡವರಿಗೆ ಹೋಮಿಯೋಪತಿ ಔಷಧಿ ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು. ಪ್ಲೇಗ್ ಬಂದಾಗ ಅದಕ್ಕೂ ಆಸ್ಪತ್ರೆ ತೆರೆದರು. ಅವರು ತೀರಿಕೊಂಡದ್ದು 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ. ಇವತ್ತು ಬಸ್ಸಿನ ಕಂಡಕ್ಟರ್ ಕೂಡ ದಿನಕ್ಕೆ ಹತ್ತು ಸಲ ‘ಫಾದರ್ ಮುಲ್ಲರ್’ ಎಂದು ಕೂಗುತ್ತಾನೆ. ಅವರನ್ನು ನೆನೆಯಲು ಪಟ್ಟಿ ಬೇಕಿಲ್ಲ.

ಆಂಜೆಲೊ ಮಫೆಯಿ ಅವರ ನೆನಪು ಇಷ್ಟು ಗಟ್ಟಿಯಾಗಿಲ್ಲ. ಉತ್ತರ ಇಟಲಿಯ ಬೆಟ್ಟನಾಡಿನ ಈ ಗುರುಗಳು ಕೊಂಕಣಿ ಕಲಿತು 1882ರಲ್ಲಿ ಅದರ ವ್ಯಾಕರಣವನ್ನೂ ಮರುವರ್ಷ ನಿಘಂಟನ್ನೂ ಹೊರತಂದರು. ಎರಡೂ ಅಚ್ಚಾದದ್ದು ಪ್ರಾಟೆಸ್ಟಂಟರ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಮತದ ವಿಷಯದಲ್ಲಿ ಆ ಎರಡು ಪಂಗಡಗಳು ಮುಖ ತಿರುಗಿಸುತ್ತಿದ್ದ ಕಾಲ ಅದು. ಭಾಷೆಯ ಕೆಲಸದಲ್ಲಿ ಮಾತ್ರ ಕೈ ಕೂಡಿಸಿದವು. 1899ರಲ್ಲಿ ಮಫೆಯಿ ತೀರಿಕೊಂಡರು. ಕೊಂಕಣಿ ಬಲ್ಲ ವಿದ್ವಾಂಸರ ಹೊರಗೆ ಅವರ ಹೆಸರು ಹೇಳುವವರು ಕಡಿಮೆ.

ಮೂರನೆಯವರು ಬ್ರದರ್ ಆಂಟೋನಿಯೊ ಮೊಸ್ಕೆನಿ. ಬೆರ್ಗಮೊ ಬಳಿಯ ಹಳ್ಳಿಯಲ್ಲಿ 1854ರಲ್ಲಿ ಹುಟ್ಟಿ, ಚಿತ್ರಕಲೆ ಕಲಿತು, ಸಭೆ ಸೇರಿದವರು. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನ ಗೋಡೆ, ಕಮಾನು, ಮಾಡಿನ ಇಂಚಿಂಚನ್ನೂ ಸುಮಾರು ಎರಡೂವರೆ ವರ್ಷಗಳಲ್ಲಿ ಚಿತ್ರಗಳಿಂದ ತುಂಬಿದರು. ಮೇಲೆ ತಲೆಯೆತ್ತಿ ನೋಡಿದರೆ ಕಾಣುವ ಸಂತ ಅಲೋಶಿಯಸ್ ಗೊನ್ಜಾಗರ ಜೀವನಚಿತ್ರವೂ ಒಬ್ಬ ಮೃತ ಜೆಸ್ವಿತರ ಸ್ಮರಣೆಯೇ: ರೋಮಿನಲ್ಲಿ ಪಿಡುಗಿಗೆ ತುತ್ತಾದವರ ಆರೈಕೆ ಮಾಡುತ್ತಾ 1591ರಲ್ಲಿ, ಇಪ್ಪತ್ತಮೂರರ ಹರೆಯದಲ್ಲಿ ತೀರಿಕೊಂಡವರು. ಇನ್ನೊಬ್ಬರ ನೆನಪನ್ನು ಇಷ್ಟು ದೊಡ್ಡದಾಗಿ ಬರೆದ ಚಿತ್ರಕಾರ ಮಾತ್ರ 1905ರ ನವೆಂಬರಿನಲ್ಲಿ ಕೊಚ್ಚಿಯಲ್ಲಿ, ತಾವು ಚಿತ್ರ ಬಿಡಿಸಿದ್ದ ಸಾಂತಾ ಕ್ರೂಸ್ ಇಗರ್ಜಿಯ ಪ್ರತಿಷ್ಠೆಗೆ ಕೆಲವೇ ದಿನ ಮುಂಚೆ, ಐವತ್ತೊಂದರ ವಯಸ್ಸಿಗೆ ಹೊರಟುಹೋದರು. ಬರಹಗಳಲ್ಲಿ ಅವರನ್ನು ‘ಫಾದರ್’ ಎನ್ನುವುದುಂಟು. ಅವರು ಗುರುಗಳಲ್ಲ, ಗುರುದೀಕ್ಷೆ ಪಡೆಯದ ಬ್ರದರ್. ದೊಡ್ಡ ಕೆಲಸ ಮಾಡಿದವರೆಲ್ಲ ಗುರುಗಳೇ ಆಗಿರಬೇಕೆಂಬ ಊಹೆಯೇ ಬ್ರದರುಗಳ ನೆನಪಿಗೆ ಶತ್ರು. ಸಭೆಗಳ ಕಟ್ಟಡ ಎಬ್ಬಿಸಿದವರು, ಅಡುಗೆ ಮಾಡಿದವರು, ಬಟ್ಟೆ ಹೊಲಿದವರು, ರೋಗಿಗಳ ಪಕ್ಕ ರಾತ್ರಿ ಕಳೆದವರು ಹೆಚ್ಚಾಗಿ ಅವರೇ.

ಸಿಸ್ಟರುಗಳ ನೆನಪು ಇನ್ನೂ ತೆಳು. 1870ರಲ್ಲಿ ಫ್ರಾನ್ಸಿನ ಪೋ ನಗರದಿಂದ ಮಂಗಳೂರಿಗೆ ಹೊರಟ ಕಾರ್ಮೆಲ್ ಸನ್ಯಾಸಿನಿಯರಲ್ಲಿ ಕೆಲವರು ದಾರಿಯಲ್ಲೇ ತೀರಿಕೊಂಡರು. ಆ ಗುಂಪಿನಲ್ಲಿದ್ದ ಗಲಿಲಾಯದ ಮರಿಯಂ ಬವಾರ್ದಿ ಮಂಗಳೂರಿನಲ್ಲೇ ವ್ರತ ಸ್ವೀಕರಿಸಿ, ಮುಂದೆ ಬೆತ್ಲೆಹೇಮಿನಲ್ಲಿ ಮಠ ಕಟ್ಟಿ, 2015ರಲ್ಲಿ ಸಂತರೆಂದು ಘೋಷಿತರಾದರು. ಅದೇ ಹಡಗು ಹತ್ತಿ ಮಂಗಳೂರು ಕಾಣದೆ ಹೋದವರ ಹೆಸರು ಮಠದ ದಾಖಲೆ ಬಿಟ್ಟರೆ ಮತ್ತೆಲ್ಲಿ ಉಳಿದೀತು?

ಹೊಗಳಿಕೆಯ ಪಾಲಿಶ್ ಸಾಕು

ಈ ಸಂಪ್ರದಾಯಕ್ಕೆ ಒಂದು ಹಳೆಯ ರೋಗವಿದೆ. ಹತ್ತು ಸ್ಮರಣಲೇಖನ ಓದಿದರೆ ಹತ್ತೂ ಒಬ್ಬರದೇ ಎನಿಸುತ್ತದೆ: ದೈವಭಕ್ತರು, ಸರಳರು, ಸಹನಶೀಲರು, ನೋವನ್ನು ನಗುನಗುತ್ತಾ ಸಹಿಸಿದವರು. ಸಿಟ್ಟಿನವರು, ಹಟದವರು, ಮೇಲಿನವರೊಂದಿಗೆ ಜಗಳವಾಡಿ ಸರಿಯೆನಿಸಿಕೊಂಡವರು ಎಲ್ಲಿ ಹೋದರು? ಸಂತ ತೆರೇಸಾ ಅವರ ಪುಸ್ತಕವೇ ಇದಕ್ಕೆ ಸಾಕ್ಷಿ. ಅದೇ ಮಠದಲ್ಲಿದ್ದ ಅವರ ಅಕ್ಕ ಅದನ್ನು ಸಾವಿರಾರು ಕಡೆ ತಿದ್ದಿ ನಯಮಾಡಿ ಅಚ್ಚಿಗೆ ಕೊಟ್ಟಿದ್ದರು. 1956ರಲ್ಲಿ ಮೂಲ ಹಸ್ತಪ್ರತಿಗಳು ಹೊರಬಂದಾಗ ಓದುಗರಿಗೆ ಕಂಡದ್ದು ಇನ್ನಷ್ಟು ಗಟ್ಟಿಯಾದ, ಇನ್ನಷ್ಟು ನಿಜವಾದ ಹೆಣ್ಣುಮಗಳು. ನಯಮಾಡಿದ್ದರಿಂದ ಸಂತರಿಗೇ ನಷ್ಟವಾಯಿತು ಎಂದಮೇಲೆ ಸಾಮಾನ್ಯರ ಪಾಡೇನು?

ಸಮಾಜದ ನಡುವೆ ನಿಂತು ಕೆಲಸ ಮಾಡಿದವರ ಬದುಕು ಅಂಥ ಪಾಲಿಶ್‌ಗೆ ಸಿಗುವುದೂ ಇಲ್ಲ. 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದ ಜೆಸ್ವಿತ್ ಗುರು ಸ್ಟ್ಯಾನ್ ಸ್ವಾಮಿ ಆಮೇಲೆ ಜಾರ್ಖಂಡಿನ ಆದಿವಾಸಿಗಳ ನಡುವೆ ಬಾಳಿದರು. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ 2020ರ ಅಕ್ಟೋಬರಿನಲ್ಲಿ ಬಂಧಿತರಾಗಿ, ಆರೋಪಗಳನ್ನು ಅಲ್ಲಗಳೆದು, ವಿಚಾರಣೆ ಶುರುವಾಗುವ ಮುಂಚೆಯೇ 2021ರ ಜುಲೈ 5ರಂದು ಮುಂಬಯಿಯ ಆಸ್ಪತ್ರೆಯಲ್ಲಿ ಎಂಬತ್ತನಾಲ್ಕರ ವಯಸ್ಸಿನಲ್ಲಿ ತೀರಿಕೊಂಡರು. ಅವರ ಸ್ಮರಣೆ ಸಭೆಯ ಪಟ್ಟಿಯನ್ನು ದಾಟಿ ಬೀದಿಗೆ, ನ್ಯಾಯಾಲಯಕ್ಕೆ, ಪತ್ರಿಕೆಗಳಿಗೆ ಬಂತು.

ಇವೆಲ್ಲ ಕ್ರೈಸ್ತರ ಒಳಮನೆಯ ವಿಷಯ ಎಂದು ಪಕ್ಕಕ್ಕಿಡುವಂತಿಲ್ಲ. ಒಬ್ಬ ಸಿಸ್ಟರ್ ಮೂವತ್ತು ವರ್ಷ ಹೆರಿಗೆ ಮಾಡಿಸಿದ ಊರಿನ ಕಥೆ ಆ ಊರಿನದೂ ಹೌದು. ಒಬ್ಬ ಗುರುಗಳು ಶಾಲೆ ಕಟ್ಟಲು ಯಾರ ಜಾಗ ಪಡೆದರು, ಯಾವ ಮಕ್ಕಳನ್ನು ಸೇರಿಸಿದರು, ಯಾವ ಬರಗಾಲದಲ್ಲಿ ಗಂಜಿ ಹಾಕಿದರು ಎಂಬುದು ಕರ್ನಾಟಕದ ಸ್ಥಳೀಯ ಚರಿತ್ರೆ. ಅದು ಇರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಇಟಾಲಿಯನ್ನಿನಲ್ಲಿ, ಲ್ಯಾಟಿನ್ನಿನಲ್ಲಿ. ಇರುವ ಜಾಗ ಸಭೆಯ ಕಪಾಟು. ಜೊತೆಗೆ ಸಮಯವೂ ಕಡಿಮೆ. 1965ರಲ್ಲಿ ಜಗತ್ತಿನಲ್ಲಿ 36,000 ಇದ್ದ ಜೆಸ್ವಿತರ ಸಂಖ್ಯೆ ಈಗ 15,000ಕ್ಕಿಂತ ಕೆಳಗಿಳಿದಿದೆ. ಯುರೋಪಿನಲ್ಲಿ ಮಠಗಳು ಒಂದೊಂದಾಗಿ ಮುಚ್ಚುತ್ತಿವೆ. ಮುಚ್ಚಿದ ಮನೆಯ ಕಾಗದಪತ್ರಗಳಿಗೆ ದಿಕ್ಕು ತೋರಿಸುವವರು ಬೇಕು.

ಸಭೆಗಳಿಗೆ ಹೇಳಬೇಕಾದ್ದು ಇಷ್ಟೇ: ತೀರಿಕೊಂಡ ನಿಮ್ಮವರ ಬಗ್ಗೆ ಕನ್ನಡದಲ್ಲಿ, ಕೊಂಕಣಿಯಲ್ಲಿ, ತುಳುವಿನಲ್ಲಿ ಬರೆಯಿರಿ. ಅವರ ತಪ್ಪುಒಪ್ಪುಗಳನ್ನು ಕೂಡಿಸಿಯೇ ಬರೆಯಿರಿ. ಬರೆದದ್ದು ಅವರು ದುಡಿದ ಊರಿನ ಗ್ರಂಥಾಲಯಕ್ಕೂ ಒಂದು ಪ್ರತಿ ಮುಟ್ಟಲಿ. ಓದುಗರ ಪಾಲಿಗೂ ಕೆಲಸವಿದೆ. ನಿಮಗೆ ಅಕ್ಷರ ಕಲಿಸಿದ ಫಾದರ್, ಅಮ್ಮನ ಬಾಣಂತನ ನೋಡಿಕೊಂಡ ಸಿಸ್ಟರ್, ಹಾಸ್ಟೆಲಿನಲ್ಲಿ ಊಟ ಬಡಿಸಿದ ಬ್ರದರ್ ಯಾರೆಂದು ಮನೆಯ ಹಿರಿಯರನ್ನು ಕೇಳಿ, ಅವರಿಗೆ ನೆನಪಿದ್ದಷ್ಟನ್ನು ಬರೆದಿಡಿ. ಆ ಹೆಸರುಗಳನ್ನು ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ, ಕೇಳಲು ತಡಮಾಡಬೇಡಿ.